ಹನಿ ಹಾಕಿದರೆ ಲಿವರ್ ಉಳಿಯುತ್ತದೆಯೇ?

ಪ್ರಶ್ನೆ: ನಮ್ಮ ಯಜಮಾನರು ಅಂಧೇರಿ ಕಡೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ರಾತ್ರಿ ಗಲ್ಲೆಯ ಲೆಕ್ಕ ಮುಗಿಸಿ, ಅಲ್ಲೇ ಮೂರ್ನಾಲ್ಕು ಪೆಗ್ ಹಾಕಿ, ಕರಿದದ್ದೇನಾದರೂ ತಿಂದು ಮನೆ ಸೇರುವಾಗ ಎರಡು ಗಂಟೆ. ಸೋನೋಗ್ರಫಿಯಲ್ಲಿ 'ಫ್ಯಾಟಿ ಲಿವರ್ ಗ್ರೇಡ್ 2' ಬಂದಿದೆ. ಸಿಬಿಡಿ ಎಣ್ಣೆ ಲಿವರ್ ಕಾಪಾಡುತ್ತದೆಂದು ಓದಿ ನಾನೇ ಆನ್‌ಲೈನ್‌ನಲ್ಲಿ ತರಿಸಿದೆ. ಈಗ ಅವರು ದಿನಾ ನಾಲಗೆಯಡಿ ಹನಿ ಹಾಕಿಕೊಂಡು, 'ಔಷಧ ತಗೊಳ್ತಿದ್ದೀನಲ್ಲ' ಎಂದು ಕುಡಿಯುತ್ತಲೇ ಇದ್ದಾರೆ. ಕುಡಿಯಲು ನಾನೇ ದಾರಿ ಮಾಡಿಕೊಟ್ಟಂತಾಯಿತೇ?
– ಓದುಗರು, ಮೀರಾ ರೋಡ್

ಉತ್ತರ: ಖಂಡಿತ ಇಲ್ಲ. ಅವರ ಕುಡಿತ ಆ ಸಿಬಿಡಿ ಬಾಟಲಿಗಿಂತ ಹಳೆಯದು. ನಡುರಾತ್ರಿಯವರೆಗೆ ಬಾಗಿಲಿಗೆ ಕಿವಿಗೊಟ್ಟು ಕೂರುವವರಿಗೆ, ಜಗಳವಿಲ್ಲದೆ ಗಂಡನನ್ನು ಉಳಿಸಿಕೊಳ್ಳುವ ಉಪಾಯ ಕಂಡರೆ ಕೈಚಾಚಬೇಕೆನಿಸುವುದು ಸಹಜ. ಹೋಟೆಲ್ ದುಡಿಮೆಯನ್ನು ನಂಬಿ ಮುಂಬಯಿಗೆ ಬಂದ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಭಯವನ್ನು ಯಾರಿಗೂ ಹೇಳದೆ ನುಂಗಿಕೊಂಡವರಿದ್ದಾರೆ.

ನೀವು ಓದಿದ್ದು ಪೂರ್ತಿ ಸುಳ್ಳೂ ಅಲ್ಲ. 2014 ಮತ್ತು 2017ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಮದ್ಯ ಕೊಟ್ಟ ಇಲಿಗಳ ಲಿವರ್‌ನಲ್ಲಿ ಕೊಬ್ಬು ಸೇರುವುದನ್ನು ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ತಗ್ಗಿಸಿತ್ತು. ಆದರೆ ಅದು ಇಲಿಗಳ ಮಾತು, ಅದೂ ಕೆಲವೇ ದಿನಗಳದ್ದು. ವರ್ಷಗಟ್ಟಲೆ ಕುಡಿದ ಮನುಷ್ಯರ ಲಿವರನ್ನು ಅದು ಕಾಯುತ್ತದೆಂದು ಸಾಬೀತಾಗಿಲ್ಲ. ಬದಲಿಗೆ, ಅಪಸ್ಮಾರದ ಕೆಲವು ವಿಧಗಳಿಗೆಂದು 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾನಬಿಡಿಯಾಲ್ ಔಷಧದ ಜೊತೆಗೇ, ಲಿವರ್ ಕಿಣ್ವಗಳು ಏರಬಹುದೆಂಬ ಎಚ್ಚರಿಕೆಯಿದೆ. ರಕ್ತ ತೆಳುಮಾಡುವ ವಾರ್ಫರಿನ್‌ನಂಥ ಮಾತ್ರೆಗಳೊಂದಿಗೂ ಅದು ಹೊಂದುವುದಿಲ್ಲ. ವೈದ್ಯರನ್ನು ಕೇಳುವ ತನಕ ಆ ಹನಿಯನ್ನು ನಿಲ್ಲಿಸುವುದೇ ಒಳ್ಳೆಯದು.

ಆದರೂ ಆ ಬಾಟಲಿ ನಿಮಗೊಂದು ಸಂಗತಿ ತಿಳಿಸಿಕೊಟ್ಟಿದೆ. ದಿನವೂ ತಪ್ಪದೆ ಹನಿ ಹಾಕಿಕೊಳ್ಳುವ ಮನುಷ್ಯ ಒಳಗೊಳಗೇ ಹೆದರಿದ್ದಾರೆ. ಇಷ್ಟು ದಿನ ಆ ಭಯ ನಿಮ್ಮೊಬ್ಬರದೇ ಎಂದುಕೊಂಡಿದ್ದಿರಿ. ಅದು ಇಬ್ಬರದೂ ಹೌದು. ಮಾತು ಅಲ್ಲಿಂದಲೇ ಶುರುವಾಗಲಿ.

ಮಾತಾಡಲು ರಾತ್ರಿ ಬೇಡ. ಮಧ್ಯಾಹ್ನ, ಡ್ಯೂಟಿಗೆ ಹೊರಡುವ ಮುನ್ನ, ತಲೆ ತಿಳಿಯಾಗಿರುವಾಗ ಹೇಳಿ: 'ನಿಮಗೂ ಹೆದರಿಕೆ ಇದೆ, ನನಗೂ ಇದೆ. ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣ.' ಅತ್ತೆ, ಮೈದುನರನ್ನೆಲ್ಲ ಸೇರಿಸಿ ಪಂಚಾಯಿತಿ ಮಾಡಬೇಡಿ.

ಪರೇಲಿನ ಕೆಇಎಂ, ಸಯನ್, ನಾಯರ್ – ಇವು ಪಾಲಿಕೆಯ ದೊಡ್ಡ ಆಸ್ಪತ್ರೆಗಳು; ಯಾವುದಕ್ಕಾದರೂ ಹೋಗಬಹುದು. ಸಿಬಿಡಿ ಎಣ್ಣೆಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ಪೆಗ್ಗಿನ ಲೆಕ್ಕ ಮುಚ್ಚಿಡಬೇಡಿ. ಎಸ್‌ಜಿಪಿಟಿ, ಪ್ಲೇಟ್‌ಲೆಟ್, ಬೇಕಿದ್ದರೆ ಫೈಬ್ರೋಸ್ಕ್ಯಾನ್ ನೋಡಿ ಲಿವರ್ ಎಷ್ಟು ಬಳಲಿದೆಯೆಂದು ವೈದ್ಯರು ಹೇಳುತ್ತಾರೆ. ಗಾಯದ ಹಂತಕ್ಕೆ ಹೋಗಿರದಿದ್ದರೆ, ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಆ ಕೊಬ್ಬು ಕರಗತೊಡಗುತ್ತದೆ. ಯಾವ ಹನಿಯೂ ಕೊಡದ ಭರವಸೆ ಇದು.

ಹಾಗೆಂದು ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಬೇಡಿ. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಮನಸ್ಸಿನ ಗೊಂದಲ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಬೇಕು. ಊಟದ ವಿಷಯದಲ್ಲಿ ಸಣ್ಣ ಬದಲಾವಣೆ ಸಾಕು: ಹೋಟೆಲಿನಲ್ಲಿ ಎಂಟು ಗಂಟೆಗೇ ಅನ್ನ-ಸಾರು, ಪಲ್ಯ ಉಂಡುಬಿಡಲಿ. ತೂಕ ಹೆಚ್ಚಿದ್ದರೆ ನಿಧಾನವಾಗಿ ನೂರಕ್ಕೆ 7ರಿಂದ 10ರಷ್ಟು ಇಳಿಸಿದರೂ ಲಿವರ್‌ಗೆ ಹಿತ.

ಕಣ್ಣು ಹಳದಿಯಾದರೆ, ಹೊಟ್ಟೆ ಊದಿದರೆ, ರಕ್ತ ವಾಂತಿಯಾದರೆ, ಮಲ ಕಪ್ಪಾದರೆ, ಮಾತು ತಡವರಿಸಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮೊದಲ ಸಲಕ್ಕೇ ಅವರು ಒಪ್ಪದಿರಬಹುದು. ಅದು ನಿಮ್ಮ ಸೋಲಲ್ಲ. ಕುಡಿತ ಬಿಡುವ ಹೊಣೆ ಅವರದು; ನೀವು ಕುಸಿಯದಂತೆ ನೋಡಿಕೊಳ್ಳುವುದು ನಿಮ್ಮದು. ಕುಡಿಯುವವರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಇರುವಂತೆ, ಅವರ ಮನೆಯವರಿಗಾಗಿ ಅಲ್‌-ಅನಾನ್ ಕೂಟಗಳು ಮುಂಬಯಿಯಲ್ಲಿ ನಡೆಯುತ್ತವೆ. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅವರು ಒಪ್ಪಲೆಂದು ಕಾಯದೆ, ಈ ವಾರವೇ ನಿಮಗಾಗಿ ಒಂದು ಕರೆ ಮಾಡಿ.