ಎಸ್.ಆರ್.ಜಿ. ಸಭೆ: ಚರ್ಚೆಯಿಂದ ತರಗತಿಯ ಕಡೆಗೆ

ಶಾಲಾ ಸಂಪನ್ಮೂಲ ಗುಂಪು, ಅಂದರೆ ಎಸ್.ಆರ್.ಜಿ., ಕೇರಳದ ಶಾಲೆಗಳಲ್ಲಿ ಅಧ್ಯಾಪಕರು ಕಲಿಕೆಯ ಕುರಿತು ಒಟ್ಟಾಗಿ ಆಲೋಚಿಸುವ ವೇದಿಕೆ. ಕಾಸರಗೋಡು, ಮಂಜೇಶ್ವರ ಪ್ರದೇಶದ ಅನೇಕ ಶಾಲೆಗಳಲ್ಲಿ ಕನ್ನಡ ಹಾಗೂ ಮಲಯಾಳ ಮಾಧ್ಯಮಗಳೆರಡೂ ಒಂದೇ ಸೂರಿನಡಿ ನಡೆಯುತ್ತವೆ. ಸುತ್ತೋಲೆ, ದಿನಾಚರಣೆ, ಮೇಳಗಳ ಮಾತು ಮುಗಿಯುವಷ್ಟರಲ್ಲಿ ಸಂಜೆಯಾಗಿ, ಕನ್ನಡ ತರಗತಿಯ ಪ್ರಶ್ನೆ ‘ಇತರ ವಿಷಯಗಳು’ ಎಂಬ ಕೊನೆಯ ಸಾಲಿಗೆ ಜಾರುವುದುಂಟು. ಅದರ ನಷ್ಟವನ್ನು ಅನುಭವಿಸುವುದು ಮಗು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ದೊರೆಯಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಆಶಯ ತರಗತಿಯೊಳಗೆ ಫಲಿಸಬೇಕಾದರೆ ಶಾಲೆಯ ಸಭೆಯಲ್ಲಿ ಅದಕ್ಕೆ ಸ್ಥಾನವಿರಬೇಕು.

1. ಸಭೆಗೆ ಮುನ್ನ

ಓದಿ ತಿಳಿಯಬಹುದಾದ ಸುತ್ತೋಲೆಗಳನ್ನು ಸಂಚಾಲಕರು ಮೊದಲೇ ಎಲ್ಲರಿಗೂ ತಲುಪಿಸಬೇಕು. ಸಭೆಯ ಸಮಯ ಚರ್ಚೆಗೆ ಮೀಸಲಾಗಿರಲಿ. ಕಾರ್ಯಸೂಚಿಯ ವಿಷಯಗಳು ಪ್ರಶ್ನೆಯ ರೂಪದಲ್ಲಿರುವುದು ಲೇಸು. ‘ಕನ್ನಡ ಬರವಣಿಗೆ’ ಎಂದಷ್ಟೇ ಬರೆದರೆ ಚರ್ಚೆಗೆ ದಿಕ್ಕು ದೊರೆಯದು. ‘ನಾಲ್ಕನೆಯ ತರಗತಿಯ ಮಕ್ಕಳು ಮಹಾಪ್ರಾಣಾಕ್ಷರಗಳಲ್ಲಿ ಎಡವುವುದೇಕೆ?’ ಎಂದರೆ ದೊರೆಯುತ್ತದೆ. ಕಡಿಮೆ ಅಧ್ಯಾಪಕರಿರುವ ಮಾಧ್ಯಮದ ಪ್ರಶ್ನೆಯನ್ನು ಸೂಚಿಯ ಮೊದಲ ಭಾಗದಲ್ಲೇ ಇರಿಸಬೇಕು.

2. ಸಭೆಯಲ್ಲಿ

ಮೇಲಿನ ಪ್ರಶ್ನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತರಗತಿಯ ಅಧ್ಯಾಪಕರು ಐದಾರು ಮಕ್ಕಳ ಪುಸ್ತಕಗಳನ್ನು ಮೇಜಿನ ಮೇಲಿಡುತ್ತಾರೆ. ‘ಧನ’ ಇರಬೇಕಾದಲ್ಲಿ ‘ದನ’, ‘ಭಾವಿ’ ಇರಬೇಕಾದಲ್ಲಿ ‘ಬಾವಿ’ ಕಾಣುತ್ತದೆ. “ಮಕ್ಕಳಿಗೆ ಗಮನವಿಲ್ಲ” ಎಂಬ ಮಾತು ಇಲ್ಲಿ ಸುಲಭವಾಗಿ ಬರುತ್ತದೆ. ಅದರೊಂದಿಗೆ ಚರ್ಚೆಯೂ ನಿಂತುಬಿಡುತ್ತದೆ. ಸಂಚಾಲಕರು ಆಗ ಪುಸ್ತಕಗಳತ್ತ ಎಲ್ಲರನ್ನೂ ಮರಳಿ ಕರೆತರಬೇಕು. ಈ ಮಕ್ಕಳ ಮನೆಮಾತು ಯಾವುದು? ನೋಡಿ ಬರೆಯುವಾಗಲೂ ತಪ್ಪುತ್ತಾರೆಯೇ, ಉಕ್ತಲೇಖನದಲ್ಲಿ ಮಾತ್ರವೇ? ತುಳುವಿನ ಆಡುಮಾತಿನಲ್ಲಿ ಮಹಾಪ್ರಾಣಗಳ ಬಳಕೆ ವಿರಳ. ನೋಡಿ ಸರಿಯಾಗಿ ಬರೆಯುವ ಮಗು ಕೇಳಿ ಬರೆಯುವಾಗ ತಪ್ಪಿದರೆ ಅದಕ್ಕೆ ಬೇಕಾದುದು ಕಿವಿಯ ಅಭ್ಯಾಸ. ಎರಡರಲ್ಲೂ ತಪ್ಪಿದರೆ ಅಕ್ಷರರೂಪದ ಅಭ್ಯಾಸವೂ ಬೇಕು.

ತರಗತಿಯ ಅಧ್ಯಾಪಕರು ಮೊದಲು, ಮುಖ್ಯೋಪಾಧ್ಯಾಯರು ಕೊನೆಗೆ ಮಾತನಾಡುವ ಕ್ರಮ ಒಳ್ಳೆಯದು. ಹಿರಿಯರ ಅಭಿಪ್ರಾಯ ಮೊದಲೇ ಬಂದರೆ ಕಿರಿಯರ ಅನುಭವ ಹೊರಬರದೆ ಉಳಿಯಬಹುದು. ಪ್ರತಿ ವಿಷಯದ ಕೊನೆಯಲ್ಲಿ ಎರಡು ಭಾಷೆಗಳಲ್ಲೂ ಸಾರಾಂಶ ಹೇಳಬೇಕು.

3. ತೀರ್ಮಾನ ಮತ್ತು ನಡಾವಳಿ

‘ವಿಶೇಷ ಗಮನ ಹರಿಸುವುದು’ ಎಂಬುದು ತೀರ್ಮಾನವಲ್ಲ. ಯಾವ ಕೆಲಸ, ಯಾರು, ಎಂದಿನೊಳಗೆ ಎಂಬ ಮೂರೂ ನಡಾವಳಿಯಲ್ಲಿರಬೇಕು. ‘ನಾಲ್ಕನೆಯ ತರಗತಿಯ ಅಧ್ಯಾಪಕರು ಎರಡು ವಾರ ದಿನವೂ ಹತ್ತು ನಿಮಿಷ ದನ–ಧನ, ಬಾವಿ–ಭಾವಿಯಂತಹ ಜೋಡಿಪದಗಳನ್ನು ಕೇಳಿಸಿ, ಹೇಳಿಸಿ, ಬರೆಯಿಸುವುದು, ಮುಂದಿನ ಸಭೆಗೆ ಅವೇ ಮಕ್ಕಳ ಪುಸ್ತಕ ತರುವುದು’ ಎಂದು ಬರೆದರೆ ಪರಿಶೀಲನೆ ಸಾಧ್ಯ. ಕನ್ನಡ ವಿಭಾಗದ ತೀರ್ಮಾನವನ್ನು ಎರಡು ಭಾಷೆಗಳಲ್ಲೂ ದಾಖಲಿಸಿದರೆ, ಕನ್ನಡ ಓದಲಾರದ ಮೇಲಧಿಕಾರಿಗೂ ಅದು ಅರ್ಥವಾಗುತ್ತದೆ. ಮುಂದಿನ ಸಭೆ ಆ ಪುಸ್ತಕಗಳಿಂದಲೇ ಆರಂಭವಾಗಲಿ.

ಚಟುವಟಿಕೆ

ತಮ್ಮ ಶಾಲೆಯ ಹಿಂದಿನ ಮೂರು ಸಭೆಗಳ ನಡಾವಳಿಯನ್ನು ಅಧ್ಯಾಪಕರು ಗುಂಪಿನಲ್ಲಿ ಓದಲಿ. ಕೆಲಸ, ಹೊಣೆ, ಅವಧಿ ಮೂರೂ ಇರುವ ತೀರ್ಮಾನಗಳಿಗೆ ಅಡಿಗೆರೆ ಎಳೆಯಲಿ. ಅಡಿಗೆರೆ ಬೀಳದ ಒಂದು ತೀರ್ಮಾನವನ್ನು ಆರಿಸಿ, ಮೂರೂ ಅಂಶಗಳು ಬರುವಂತೆ ತಿದ್ದಿ ಬರೆಯಲಿ.