ಮಗುವಿನೊಡನೆ ಬೇಸ್‌ಬಾಲ್
ಅಮೆರಿಕದಲ್ಲಿ ಬೇಸ್‌ಬಾಲ್ ಒಲವು ಹೆತ್ತವರಿಂದ ಮಕ್ಕಳಿಗೆ ದಾಟುವುದು ಹೆಚ್ಚಾಗಿ ಹಿತ್ತಲಲ್ಲಿ ಚೆಂಡು ಎಸೆದು ಹಿಡಿಯುವ ಆಟದಿಂದ, ಇಲ್ಲವೇ ಮೈದಾನದಲ್ಲಿ ಕೂತು ಸ್ಕೋರ್‌ಕಾರ್ಡ್ ತುಂಬುವುದರಿಂದ. ಎರಡನೆಯದಕ್ಕೆ ಮೈಕಸುವು ಬೇಡ. ಹಾಗಾಗಿ ಮುಪ್ಪಿನವರೆಗೂ ಜೊತೆಗಿರುತ್ತದೆ. ಕಾರ್ಡಿನಲ್ಲಿ ಪ್ರತಿ ಆಟಗಾರನ ಜಾಗಕ್ಕೂ ಒಂದು ಅಂಕಿ: ಚೆಂಡೆಸೆಯುವ ಪಿಚರ್ 1, ಅದನ್ನು ಹಿಡಿಯುವ ಕ್ಯಾಚರ್ 2, ಮೊದಲ ಬೇಸ್ ಕಾಯುವವನು 3, ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಶಾರ್ಟ್‌ಸ್ಟಾಪ್ ನೆಲಚೆಂಡು ಹೆಕ್ಕಿ ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ ‘6-3’, ಸ್ಟ್ರೈಕ್‌ಔಟ್‌ಗೆ ‘ಕೆ’. ಮಗುವಿಗೆ ಮೊದಲು ಇಷ್ಟು ಸಾಕು.

1990ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಪರ ಅಪ್ಪ ಕೆನ್ ಗ್ರಿಫಿ, ಅದೇ ಹೆಸರಿನ ಮಗ ಒಬ್ಬರ ಹಿಂದೊಬ್ಬರು ಹೋಮ್‌ರನ್ ಬಾರಿಸಿದ ಕತೆ ನಿಯಮಪಾಠಕ್ಕಿಂತ ಬೇಗ ಹಿಡಿಸುತ್ತದೆ. ಒಂಬತ್ತು ಇನಿಂಗ್ಸ್ ಪೂರ್ತಿ ಕೂರಿಸುವ ಹಟ ಬೇಡ. ಮೇಜರ್ ಲೀಗ್ ಋತುವಿನಲ್ಲಿ ಪ್ರತಿ ತಂಡಕ್ಕೂ 162 ಪಂದ್ಯಗಳಿವೆ, ಇನ್ನೊಂದು ದಿನ ಮತ್ತೆ ನೋಡಬಹುದು. ಮಗು ಎದುರಾಳಿ ತಂಡವನ್ನೇ ಮೆಚ್ಚಿಕೊಂಡರೆ (ಹಾಗಾಗುವುದುಂಟು) ತಡೆಯಬಾರದು. ವಾದಕ್ಕೆ ಜೊತೆ ಸಿಕ್ಕಂತಾಗುತ್ತದೆ.