ಟೊಮೆಟೊ ಎಲೆಯ ಹಳದಿ: ವೈರಸ್ ಮತ್ತು ವರ್ಣದ್ರವ್ಯ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಟೊಮೆಟೊ ತೋಟಗಳಲ್ಲಿ ಎಲೆ ಹಳದಿಯಾದರೆ ಮೊದಲು ಅನುಮಾನ ಬೀಳುವುದು ಗೊಬ್ಬರದ ಮೇಲೆ. ಎಲೆ ಮುದುಡು ರೋಗದ ಹಳದಿಗೆ ಕಾರಣವೇ ಬೇರೆ. ಬಿಳಿನೊಣ ಹರಡುವ ಬೆಗೊಮೊವೈರಸ್ ಗಿಡದ ಆಹಾರವಾಹಕ ಅಂಗಾಂಶದಲ್ಲಿ ಬೆಳೆಯುತ್ತದೆ. ಸೋಂಕಿತ ಎಲೆಯಲ್ಲಿ ಕ್ಲೋರೋಪ್ಲಾಸ್ಟ್‌ಗಳ ರಚನೆ ಕೆಟ್ಟು, ಪತ್ರಹರಿತ್ತಿನ ಪ್ರಮಾಣ ಕುಸಿಯುತ್ತದೆ. ಆಗ ಹಸಿರಿನ ಮರೆಯಲ್ಲಿದ್ದ ಕೆರೋಟಿನಾಯ್ಡ್‌ಗಳ ಹಳದಿ ಎದ್ದು ಕಾಣುತ್ತದೆ. ಅಂದರೆ ಇಲ್ಲಿ ಹೊಸ ಬಣ್ಣ ಹುಟ್ಟಿಲ್ಲ, ಇದ್ದ ಹಸಿರು ಹೋಗಿದೆ. ಅದರೊಂದಿಗೆ ದ್ಯುತಿಸಂಶ್ಲೇಷಣೆಯೂ ಇಳುವರಿಯೂ ಕುಗ್ಗುತ್ತವೆ. ಹಣ್ಣೂ ಇದಕ್ಕೆ ಹೊರತಲ್ಲ. ಥ್ರಿಪ್ಸ್ ಕೀಟ ಹರಡುವ ಟೋಸ್ಪೊವೈರಸ್ ತಗುಲಿದಾಗ ಕೆಂಪು ಲೈಕೋಪೀನ್ ಸಮನಾಗಿ ತುಂಬದೆ, ಸಿಪ್ಪೆಯ ಮೇಲೆ ಒಂದರೊಳಗೊಂದು ಹಳದಿ ಉಂಗುರಗಳು ಮೂಡುತ್ತವೆ.

ಪೋಷಕಾಂಶದ ಕೊರತೆಯಿಂದಲೂ ಎಲೆ ಹಳದಿಯಾಗುವುದಿಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಸಾರಜನಕದ ಕೊರತೆ ಕೆಳಗಿನ ಹಳೆಯ ಎಲೆಗಳಲ್ಲಿ ಶುರುವಾಗುತ್ತದೆ. ಕಬ್ಬಿಣದ ಕೊರತೆಯಲ್ಲಿ ಚಿಗುರು ಹಳದಿಯಾದರೂ ನರಗಳು ಹಸಿರಾಗಿಯೇ ಉಳಿಯುತ್ತವೆ. ವೈರಸ್ ಬಂದಾಗ ಚಿಗುರೆಲೆಯ ಅಂಚು ಹಳದಿಯಾಗಿ ಮೇಲಕ್ಕೆ ಮುದುಡುತ್ತದೆ, ಎಲೆ ಕಿರಿದಾಗುತ್ತದೆ, ಗಿಡ ಕುಳ್ಳಾಗುತ್ತದೆ. ಹಾಗಿದ್ದರೂ ಬಣ್ಣವೊಂದೇ ಸಾಕ್ಷಿಯಲ್ಲ, ಖಚಿತಪಡಿಸಲು ಪಿಸಿಆರ್ ಪರೀಕ್ಷೆ ಬೇಕು. ವೈರಸ್‌ನಿಂದ ಬಣ್ಣ ಅಂದವಾಗುವುದೂ ಉಂಟು ಎನ್ನುವವರು 17ನೇ ಶತಮಾನದ ಹಾಲೆಂಡಿನ ಪಟ್ಟೆ ಟ್ಯೂಲಿಪ್ ನೆನಪಿಸುತ್ತಾರೆ. ಅಲ್ಲಿಯೂ ವೈರಸ್ ಆಂಥೋಸಯನಿನ್ ತಡೆದು ಗೆಡ್ಡೆಯನ್ನು ದುರ್ಬಲಗೊಳಿಸಿತ್ತು. ಸೋಂಕು ತಗುಲಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಎಲೆ ಮುದುಡು ರೋಗಕ್ಕೆ ನಿರೋಧಕತೆಯುಳ್ಳ ಟೊಮೆಟೊ ಹೈಬ್ರಿಡ್ ತಳಿ.